ಸತ್ಯಾಂಶ: ಕಾರ್ ರೇಸಿಗೆ 50 ಲಕ್ಷ ಬೇಕಾ?

"ಕಾರ್ ರೇಸಿಗೆ 50 ಲಕ್ಷ ಬೇಕು, ದುಡ್ಡಿಲ್ಲದವರು ಆಗುಂಬೆ ಘಾಟಿಯಲ್ಲೇ ಕೈ ಪಳಗಿಸಿಕೊಳ್ಳಿ." ಶಿವಮೊಗ್ಗದ ವಾಟ್ಸಾಪ್ ಗುಂಪಿಗೆ ಬಂದ ಫಾರ್ವರ್ಡ್ ಇದು. ಎರಡೂ ಮಾತು ತಪ್ಪು.

ಚೆನ್ನೈ, ಕೊಯಮತ್ತೂರಿನ ಟ್ರ್ಯಾಕ್ ರೇಸಿಗೆ ಖರ್ಚು ಜಾಸ್ತಿ, ನಿಜ. ಆದರೆ ಶುರು ಮಾಡಲು ಸಮಯ, ವೇಗ, ದೂರದ ಲೆಕ್ಕದ ಮೇಲೆ ನಡೆಯುವ ಟಿಎಸ್‌ಡಿ ರ‍್ಯಾಲಿ ಇದೆಯಲ್ವಾ? ಅದರಲ್ಲಿ ಮೊದಲು ತಲುಪಿದವರು ಗೆಲ್ಲುವುದಿಲ್ಲ. ಆಯೋಜಕರು ಹೇಳಿದ ಸರಾಸರಿ ವೇಗವನ್ನು ಸರಿಯಾಗಿ ಕಾಯ್ದುಕೊಂಡವರು ಗೆಲ್ಲುತ್ತಾರೆ. ಬೇಗ ಬಂದರೂ ದಂಡದ ಅಂಕ, ತಡವಾದರೂ ದಂಡದ ಅಂಕ. ಹಾಗಾಗಿ ಮನೆಯ ಹಳೆ ಆಲ್ಟೋ ಸಾಕು. ಪಕ್ಕದಲ್ಲಿ ದಾರಿ, ಲೆಕ್ಕ ನೋಡಿಕೊಳ್ಳುವ ಗೆಳೆಯ ಬೇಕು. ಜಗಳ ಆಡದವನಾದರೆ ಇನ್ನೂ ಒಳ್ಳೆಯದು!

ಆಟೋಕ್ರಾಸ್ ಇನ್ನೊಂದು ದಾರಿ. ಮೈದಾನದಲ್ಲಿ ಗುರುತು ಮಾಡಿದ ಹಾದಿ, ಕಡಿಮೆ ಸಮಯದಲ್ಲಿ ಮುಗಿಸಿದವರು ಮುಂದೆ. ಇರುವ ದುಡ್ಡನ್ನು ಹೆಲ್ಮೆಟ್, ಟೈರ್, ಬ್ರೇಕಿಗೆ ಹಾಕಿ. ಸದ್ದು ಮಾಡುವ ಸೈಲೆನ್ಸರ್‌ಗೆ ಹಾಕಿದ್ದು ಸುಮ್ನೆ ವ್ಯರ್ಥ. ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಎಂಎಸ್‌ಸಿಐ ಮಾನ್ಯ ಮಾಡಿದ ಸ್ಪರ್ಧೆಗೆ ಅದರ ಲೈಸೆನ್ಸ್ ಮಾಡಿಸಬೇಕು.

ಇನ್ನು ಆಗುಂಬೆ. ಕಡಿದಾದ ತಿರುವು, ಮಂಜು, ಎದುರಿಗೆ ಬಸ್ಸು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ 5,000 ರೂಪಾಯಿವರೆಗೆ ದಂಡ ಬೀಳುತ್ತದೆ. ಜೈಲೂ ಆಗಬಹುದು.