ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದಕ್ಕೆ ಭಾರತ ಸಹಿ ಹಾಕಬೇಕೇ?

2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ, ದೇಶದಿಂದ ದೇಶಕ್ಕೆ ಆಯುಧ ಸಾಗುವುದಕ್ಕೆ ಕಟ್ಟಳೆ ಹಾಕುವ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ ಮತಕ್ಕೆ ಬಂತು. ಪರವಾಗಿ 154 ಮತ ಬಿದ್ದವು. ಇರಾನ್, ಉತ್ತರ ಕೊರಿಯಾ, ಸಿರಿಯಾ ವಿರೋಧಿಸಿದವು. ತಟಸ್ಥವಾಗಿ ಉಳಿದ 23 ದೇಶಗಳಲ್ಲಿ ಭಾರತವೂ ಇತ್ತು. 2014ರ ಡಿಸೆಂಬರ್ 24ರಿಂದ ಒಪ್ಪಂದ ಜಾರಿಯಲ್ಲಿದ್ದು, ಈವರೆಗೆ 110ಕ್ಕೂ ಹೆಚ್ಚು ದೇಶಗಳು ಸೇರಿವೆ. ಯುದ್ಧ ಟ್ಯಾಂಕ್‌ನಿಂದ ಹಿಡಿದು ಪಿಸ್ತೂಲಿನವರೆಗೆ ಎಂಟು ಬಗೆಯ ಆಯುಧಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಳ್ಳಸಾಗಣೆಯ ಮಾತು ಬಂದಾಗ ಎಲ್ಲರ ಕಣ್ಣು ಬೀಳುವುದು ಮಾತ್ರ ಕೊನೆಯ ಬಗೆಯ ಮೇಲೆ, ಅಂದರೆ ಕೈಯಲ್ಲಿ ಹಿಡಿದು ಸಾಗಿಸಬಹುದಾದ ಸಣ್ಣ ಆಯುಧಗಳ ಮೇಲೆ. ಭಾರತ ಈಗಲಾದರೂ ಸೇರಬೇಕೇ?

ಪರ: ಕಳ್ಳ ಬಂದೂಕಿಗೂ ಒಂದು ಕಾಲದಲ್ಲಿ ಪರವಾನಗಿ ಇತ್ತು

1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಹಳ್ಳಿಗಳ ಮೇಲೆ ನೂರಾರು ಎಕೆ-47 ರೈಫಲ್‌ಗಳೂ ಹತ್ತು ಲಕ್ಷಕ್ಕೂ ಹೆಚ್ಚು ಗುಂಡುಗಳೂ ಪ್ಯಾರಾಚೂಟ್‌ನಲ್ಲಿ ಇಳಿದವು. ವಿಮಾನ ಲಾಟ್ವಿಯಾದಲ್ಲಿ ಕೊಂಡ ಆಂಟೊನೊವ್-26. ಸರಕು ಹತ್ತಿದ್ದು ಬಲ್ಗೇರಿಯಾದ ಬುರ್ಗಾಸ್‌ನಲ್ಲಿ. ಇದನ್ನು ಯಾರೂ ಕತ್ತಲಲ್ಲಿ ಗಡಿ ದಾಟಿಸಲಿಲ್ಲ. ಖರೀದಿ ನಡೆದದ್ದು ಕಾಗದಪತ್ರ ಸಮೇತ. ಅದರಲ್ಲಿ ಮುಖ್ಯವಾದದ್ದು ಬಾಂಗ್ಲಾದೇಶದ ಹೆಸರಿನಲ್ಲಿದ್ದ ‘ಎಂಡ್ ಯೂಸರ್ ಸರ್ಟಿಫಿಕೇಟ್’, ಅಂದರೆ ಈ ಆಯುಧವನ್ನು ಕೊನೆಗೆ ಬಳಸುವವರು ನಾವೇ ಎಂದು ಕೊಳ್ಳುವ ಸರ್ಕಾರ ಕೊಡುವ ಪ್ರಮಾಣಪತ್ರ. ಆ ಒಂದು ಹಾಳೆಯನ್ನು ಢಾಕಾಕ್ಕೆ ಕಳಿಸಿ ‘ಇದು ನಿಮ್ಮದೇ?’ ಎಂದು ಕೇಳಿದ್ದರೆ ಸರಕು ಬುರ್ಗಾಸ್‌ನಿಂದ ಮೇಲೇಳುತ್ತಿರಲಿಲ್ಲ.

ಸರಿಯಾದ ಪ್ರಮಾಣಪತ್ರದಲ್ಲಿ ಕೊಳ್ಳುವವರು ಯಾರು, ನಿಜವಾಗಿ ಬಳಸುವವರು ಯಾರು, ಮಾದರಿ, ಕ್ಯಾಲಿಬರ್, ಎಣಿಕೆ, ಕರಾರಿನ ಸಂಖ್ಯೆ, ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡುವುದಿಲ್ಲ ಎಂಬ ಮಾತು, ಅಧಿಕಾರಿಯ ಸಹಿ, ದಿನಾಂಕ ಇಷ್ಟೂ ಇರಬೇಕು. ಇಷ್ಟನ್ನೂ ನಕಲಿ ಮಾಡುವುದು ಕಷ್ಟವಲ್ಲ. ಅದಕ್ಕೇ ಪರಿಶೀಲನೆ ಹಾಳೆಯಾಚೆ ಹೋಗಬೇಕು. ಕೊಳ್ಳುವ ದೇಶದ ರಾಜಧಾನಿಯಲ್ಲಿರುವ ತನ್ನ ರಾಯಭಾರ ಕಚೇರಿಯ ಮೂಲಕ ಸಹಿಯನ್ನು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಕೇಳಿದ ಸಂಖ್ಯೆಯನ್ನು ಆ ದೇಶದ ಪಡೆಯ ಗಾತ್ರದ ಜೊತೆ ತಾಳೆ ಹಾಕಬೇಕು. ಹತ್ತು ಸಾವಿರ ಜನರ ಪಡೆಗೆ ಐವತ್ತು ಸಾವಿರ ರೈಫಲ್ ಬೇಕೆಂದರೆ ಅಲ್ಲೇ ನಿಲ್ಲಿಸಬೇಕು. ವಿಮಾನ ಅಥವಾ ಹಡಗಿನ ದಾರಿಯನ್ನು, ದಲ್ಲಾಳಿಯ ಪೂರ್ವಾಪರವನ್ನು ನೋಡಬೇಕು. ಸರಕು ತಲುಪಿದ ಮೇಲೆ ಸರಣಿ ಸಂಖ್ಯೆಗಳ ಪಟ್ಟಿಯೊಂದಿಗೆ ಸ್ವೀಕೃತಿ ಪತ್ರ ತರಿಸಿಕೊಳ್ಳಬೇಕು. ಬಹಳ ಕಡೆ ಎಡವುವುದು ಈ ಕೊನೆಯ ಹೆಜ್ಜೆಯಲ್ಲೇ: ಪರವಾನಗಿ ಕೊಟ್ಟ ಮೇಲೆ ಕಡತ ಮುಚ್ಚಿಹೋಗುತ್ತದೆ. ಒಪ್ಪಂದದ 11ನೇ ವಿಧಿ ಹೇಳುವುದು ಆಯುಧ ಹೀಗೆ ದಾರಿ ತಪ್ಪುವುದನ್ನು ತಡೆಯುವ ಬಗ್ಗೆಯೇ. ರಫ್ತು ಮಾಡುವವರಿಗೆ ಮಾತ್ರವಲ್ಲ, ದಾರಿಯಲ್ಲಿ ಸಿಗುವ ದೇಶಗಳಿಗೂ ಆಮದುದಾರರಿಗೂ ಅದು ಪರಸ್ಪರ ಸಹಕಾರದ ಹೊಣೆ ಹೊರಿಸುತ್ತದೆ.

2004ರ ಏಪ್ರಿಲ್‌ನಲ್ಲಿ ಚಿತ್ತಗಾಂಗ್‌ನ ಯೂರಿಯಾ ಕಾರ್ಖಾನೆಯ ಜೆಟ್ಟಿಯಲ್ಲಿ ಹತ್ತು ಲಾರಿ ಆಯುಧ ಸಿಕ್ಕಿಬಿತ್ತು. ಸುಮಾರು 4,900 ಬಂದೂಕು, 27,000 ಗ್ರೆನೇಡ್. ಅವು ಹೊರಟಿದ್ದು ಅಸ್ಸಾಮಿನ ಉಲ್ಫಾ ಉಗ್ರರ ಕಡೆಗೆ. ಇಂಥ ಸರಕಿಗೆ ಗುರಿಯಾಗುವ ದೇಶ, ಅದನ್ನು ತಡೆಯುವ ಕೂಟದ ಹೊರಗೆ ನಿಂತಿರುವುದು ನನಗೆ ಅರ್ಥವಾಗದ ಸಂಗತಿ. ಒಪ್ಪಂದದ ಸದಸ್ಯರು 2020ರಲ್ಲಿ ಆಯುಧ ದಾರಿ ತಪ್ಪಿದ ಪ್ರಕರಣಗಳ ಮಾಹಿತಿ ಹಂಚಿಕೊಳ್ಳಲು ಮುಚ್ಚಿದ ಬಾಗಿಲಿನ ವೇದಿಕೆಯೊಂದನ್ನು ಮಾಡಿಕೊಂಡರು. ಯಾವ ದಲ್ಲಾಳಿ, ಯಾವ ವಿಮಾನ ಕಂಪನಿ, ಯಾವ ನಕಲಿ ಮೊಹರು ಎಂಬುದನ್ನು ಅಧಿಕಾರಿಗಳು ಎದುರಾಬದುರು ಕೂತು ಹೇಳಿಕೊಳ್ಳುವ ಜಾಗ ಅದು. ಅಲ್ಲಿ ಕೂರುವ ಹಕ್ಕು ಸೇರಿದವರಿಗೆ ಮತ್ತು ಸಹಿ ಹಾಕಿದವರಿಗೆ. ಚೀನಾ ಅದೇ ವರ್ಷ ಸೇರಿತು.

ಸೇರಿದರೆ ರಫ್ತುದಾರರು ನಮ್ಮ ಮೇಲೆ ಸವಾರಿ ಮಾಡುತ್ತಾರೆ ಎಂಬ ಹೆದರಿಕೆ ದೆಹಲಿಯಲ್ಲಿದೆ. ಸೇರದೆ ಇದ್ದು ಉಳಿಸಿಕೊಂಡದ್ದಾದರೂ ಏನು? ಜರ್ಮನಿ ಮಾನವ ಹಕ್ಕುಗಳ ಕಾರಣ ಕೊಟ್ಟು ಭಾರತಕ್ಕೆ ಸಣ್ಣ ಆಯುಧ ಮಾರುವುದನ್ನು ವರ್ಷಗಟ್ಟಲೆ ತಡೆಹಿಡಿದಿತ್ತು. 2024ರಲ್ಲಷ್ಟೇ ಹಿಡಿತ ಸಡಿಲಿಸಿತು. ನಮ್ಮ ಸಹಿ ಇಲ್ಲದಿದ್ದರೂ ಅವರ ಕಾನೂನು ಅವರದೇ. ಇನ್ನು 26ನೇ ವಿಧಿಯ ಎರಡನೇ ಕಲಮು, ಸದಸ್ಯ ದೇಶಗಳು ಮಾಡಿಕೊಂಡ ರಕ್ಷಣಾ ಸಹಕಾರ ಒಪ್ಪಂದಗಳ ಕರಾರನ್ನು ಮುರಿಯಲು ಈ ಒಪ್ಪಂದವನ್ನು ನೆಪ ಮಾಡುವಂತಿಲ್ಲ ಎನ್ನುತ್ತದೆ. ಆ ರಕ್ಷಣೆಯೂ ಸದಸ್ಯರಿಗೇ.

ಕೊಡಗಿನ ಕಡೆ ಆಗಾಗ ಕೇಳಿಬರುವ ಅನುಮಾನವೊಂದಿದೆ: ಇದರಿಂದ ನಮ್ಮ ಕೋವಿ ಹಕ್ಕಿಗೆ ಕುತ್ತೇ? ಇಲ್ಲ. ದೇಶದೊಳಗಿನ ಬಂದೂಕು ಒಡೆತನ ಆಯಾ ದೇಶದ ಅಧಿಕಾರ ಎಂದು ಪೀಠಿಕೆಯೇ ಹೇಳುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಇದು ಮುಟ್ಟುವುದಿಲ್ಲ.

ನಾವೀಗ ಬರೀ ಕೊಳ್ಳುವವರಲ್ಲ. 2024-25ರಲ್ಲಿ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ ಮುಟ್ಟಿತು. ಬೆಂಗಳೂರಿನಲ್ಲೇ ಸ್ನೈಪರ್ ರೈಫಲ್ ತಯಾರಾಗಿ ಹೊರದೇಶಕ್ಕೆ ಹೋಗುತ್ತಿದೆ. 2017ರಲ್ಲಿ ಆಯುಧ ರಫ್ತಿನ ಮೇಲೆ ನಿಗಾ ಇಡುವ ದೇಶಗಳ ವಾಸೆನಾರ್ ಕೂಟ ಸೇರಿದ ಮೇಲೆ ನಮ್ಮ ರಫ್ತು ನಿಯಂತ್ರಣ ಪಟ್ಟಿಯೂ ಬಿಗಿಯಾಗಿದೆ. ಒಪ್ಪಂದ ಕೇಳುವ ಕೆಲಸದ ಬಹುಪಾಲನ್ನು ರಕ್ಷಣಾ ಉತ್ಪಾದನಾ ಇಲಾಖೆ ಈಗಾಗಲೇ ಮಾಡುತ್ತಿದೆ. ಹೊಸದಾಗಿ ಬರುವುದು ಒಂದು ಆರಂಭಿಕ ವರದಿ, ಆಮೇಲೆ ಪ್ರತಿ ವರ್ಷ ಮೇ 31ರೊಳಗೆ ಒಂದು ವಾರ್ಷಿಕ ವರದಿ.

ವಿರೋಧ: ತೂತು ಇರುವುದು ಬೇರೆ ಕಡೆ

ಪುರುಲಿಯಾದ ಕಥೆಯ ಉಳಿದರ್ಧವನ್ನೂ ಹೇಳಬೇಕು. ಆ ವಿಮಾನ ಕರಾಚಿಯಿಂದ ಬಂದು, ನಮ್ಮದೇ ವಾರಾಣಸಿಯಲ್ಲಿ ಇಳಿದು, ಅಲ್ಲಿಂದೆದ್ದು ಸರಕು ಸುರಿಯಿತು. ಹಾಗೇ ಕಲ್ಕತ್ತಾಕ್ಕೆ ಹೋಗಿ, ದೇಶ ಬಿಟ್ಟು ಥಾಯ್ಲೆಂಡ್ ತಲುಪಿತು. ಮರಳಿ ಬರುವಾಗಷ್ಟೇ ಮುಂಬಯಿಯಲ್ಲಿ ಅದನ್ನು ಇಳಿಸಿದ್ದು. ಸಂಚಿನ ಬಗ್ಗೆ ಬ್ರಿಟನ್ನಿನಿಂದ ಮುನ್ಸೂಚನೆಯೂ ಬಂದಿತ್ತು. ಮಾಹಿತಿ ಕೈಯಲ್ಲಿದ್ದೂ ನಾವು ಕದಲಲಿಲ್ಲ. ಇನ್ನೊಂದು ಮಾಹಿತಿ ವೇದಿಕೆ ಇದಕ್ಕೆ ಮದ್ದಲ್ಲ.

ಒಪ್ಪಂದದ ಪಠ್ಯವನ್ನು ವಿಧಿವಿಧಿಯಾಗಿ ಓದಿದರೆ 2013ರಲ್ಲಿ ಭಾರತ ಎತ್ತಿದ ಆಕ್ಷೇಪ ಇಂದಿಗೂ ಹಾಗೇ ನಿಂತಿರುವುದು ಕಾಣುತ್ತದೆ. ಸಂಪೂರ್ಣ ನಿಷೇಧ ಹೇಳುವ 6ನೇ ವಿಧಿಯಲ್ಲಿ ಭಯೋತ್ಪಾದಕರ ಹೆಸರಿಲ್ಲ, ಸರ್ಕಾರವಲ್ಲದ ಸಶಸ್ತ್ರ ಗುಂಪುಗಳ ಹೆಸರೂ ಇಲ್ಲ. ಭಯೋತ್ಪಾದನೆ ಬರುವುದು 7ನೇ ವಿಧಿಯಲ್ಲಿ, ರಫ್ತುದಾರ ತಾನೇ ತೂಗಿ ನೋಡಬೇಕಾದ ಹಲವು ಅಪಾಯಗಳ ಪೈಕಿ ಒಂದಾಗಿ. ಅಪಾಯ ಇದೆ ಎಂದಷ್ಟೇ ಆದರೆ ಸಾಲದು, ಅದು ಉಳಿದೆಲ್ಲವನ್ನೂ ಮೀರಿಸುವಂಥದ್ದು ಎಂದು ರಫ್ತುದಾರನಿಗೆ ಅನಿಸಬೇಕು. ಎಷ್ಟಾದರೆ ಮೀರಿತು ಎಂಬುದಕ್ಕೆ ವ್ಯಾಖ್ಯಾನವೇ ಇಲ್ಲ. ಅದೇ ವಿಧಿಯ ಏಳನೇ ಕಲಮು, ಅನುಮತಿ ಕೊಟ್ಟ ಮೇಲೂ ಹೊಸ ಮಾಹಿತಿ ಬಂದರೆ ಮರುಪರಿಶೀಲಿಸಿ ಎಂದು ಪ್ರೋತ್ಸಾಹಿಸುತ್ತದೆ. ಜಗತ್ತಿನ ಅತಿ ದೊಡ್ಡ ಆಮದುದಾರರಲ್ಲಿ ಒಂದಾದ ದೇಶಕ್ಕೆ, ಯುದ್ಧದ ನಡುವೆ ಬಿಡಿಭಾಗ ನಿಂತುಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಜರ್ಮನಿ ತನ್ನ ಕಾನೂನಿನಂತೆ ತಡೆಯಿತು ಎಂಬುದು ನಿಜ. ಆದರೆ ನಾವೇ ಸಹಿ ಹಾಕಿದ ಕಾಗದವನ್ನು ತೋರಿಸಿ ತಡೆಯುವ ಅವಕಾಶವನ್ನು ಇನ್ನಷ್ಟು ದೇಶಗಳಿಗೆ ಕೊಡುವುದು ಬೇರೆಯೇ ಮಾತು. ಆಗ ವಾದಿಸಲೂ ನಮಗೆ ನೆಲೆ ಇರುವುದಿಲ್ಲ.

ಆಮದು, ರಫ್ತು, ಸಾಗಣೆ, ದಲ್ಲಾಳಿ ವ್ಯವಹಾರ ಇವನ್ನು 2ನೇ ವಿಧಿ ಹೆಸರಿಸುತ್ತದೆ. ದಾನ, ಸಾಲ, ಬಾಡಿಗೆ ಎಂಬ ಮಾತುಗಳು ಅಲ್ಲಿಲ್ಲ. ಗುಂಡುಗಳ ಕತೆ ಇನ್ನೂ ತೆಳು. ಅವುಗಳ ರಫ್ತಿಗೆ 6 ಮತ್ತು 7ನೇ ವಿಧಿ ಅನ್ವಯಿಸುತ್ತವೆ, ದಾರಿ ತಪ್ಪುವುದನ್ನು ತಡೆಯುವ 11ನೇ ವಿಧಿ ಅನ್ವಯಿಸುವುದಿಲ್ಲ. ಬಂದೂಕು ದಶಕಗಳ ಕಾಲ ಬಾಳುತ್ತದೆ, ಅದರ ಹೊಟ್ಟೆ ತುಂಬಿಸುವುದು ಗುಂಡು. ಅಲ್ಲೇ ಹಿಡಿತ ಸಡಿಲ. ಪಾಕಿಸ್ತಾನ ಮಹಾಸಭೆಯಲ್ಲಿ ಪರವಾಗಿ ಮತ ಹಾಕಿತು, ಸಹಿ ಮಾತ್ರ ಹಾಕಲಿಲ್ಲ. ಅಮೆರಿಕ 2013ರಲ್ಲಿ ಸಹಿ ಹಾಕಿ, 2019ರಲ್ಲಿ ಅದಕ್ಕೆ ತಾನು ಬದ್ಧನಲ್ಲ ಎಂದು ತಿಳಿಸಿತು. ಸೇರಿದವರದೂ ಇದೇ ಪಾಡು. ಐಸಿಸ್‌ನಿಂದ ವಶವಾದ 40,000ಕ್ಕೂ ಹೆಚ್ಚು ಆಯುಧ, ಮದ್ದುಗುಂಡುಗಳನ್ನು ಪರಿಶೀಲಿಸಿದ 2017ರ ತನಿಖಾ ವರದಿ ಪ್ರಕಾರ, ಐರೋಪ್ಯ ಒಕ್ಕೂಟದಲ್ಲಿ ತಯಾರಾಗಿ ಅಮೆರಿಕಕ್ಕೆ ಮಾರಾಟವಾದ ಟ್ಯಾಂಕ್ ನಿರೋಧಕ ಅಸ್ತ್ರವೊಂದು ಕಾರ್ಖಾನೆ ಬಿಟ್ಟ ಎರಡು ತಿಂಗಳೊಳಗೆ ಇರಾಕಿನಲ್ಲಿ ಐಸಿಸ್ ಕೈಯಲ್ಲಿತ್ತು. ಮರುರಫ್ತು ಮಾಡುವುದಿಲ್ಲ ಎಂಬ ಪ್ರಮಾಣಪತ್ರಗಳೇನೋ ಇದ್ದವು.

ನಮ್ಮಲ್ಲಿ ಜನರನ್ನು ಕೊಲ್ಲುತ್ತಿರುವ ಬಂದೂಕು ಎಲ್ಲಿಂದ ಬರುತ್ತದೆ? 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಎರಡೂ ಕಡೆ ಗುಂಡು ಹಾರಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ವರದಿ ಹೇಳಿತು. ಇಂಥ ಪಿಸ್ತೂಲಿಗೆ ರಫ್ತು ಪರವಾನಗಿಯೂ ಇಲ್ಲ, ಸರಣಿ ಸಂಖ್ಯೆಯೂ ಇಲ್ಲ. ಬಿಹಾರದ ಮುಂಗೇರ್‌ನಂಥ ಕಡೆ ಲೇತ್, ಡ್ರಿಲ್ಲಿಂಗ್ ಮಶೀನು ಇದ್ದರೆ ಸಾಕು, ಕೆಲಸ ನಡೆಯುತ್ತದೆ. 2018ರಲ್ಲಿ ಅದೇ ಮುಂಗೇರ್‌ನಲ್ಲಿ ಸಿಕ್ಕ ಎಕೆ-47ಗಳ ಜಾಡು ಹಿಡಿದಾಗ ಅದು ಮುಟ್ಟಿದ್ದು ಜಬಲ್‌ಪುರದ ಸೇನಾ ಆಯುಧ ಡಿಪೋವನ್ನು. ನಿರುಪಯೋಗಿ ಎಂದು ಬದಿಗಿಟ್ಟ ಬಂದೂಕುಗಳ ಬಿಡಿಭಾಗ ಹೊರಬಿದ್ದು, ಜೋಡಣೆಯಾಗಿ ಮಾರಾಟವಾಗಿದ್ದವು. ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ಯಾವ ವಿಧಿಯೂ ಈ ಡಿಪೋದ ಬೀಗ ಭದ್ರಮಾಡುವುದಿಲ್ಲ.

ಭಾರತ ಒಪ್ಪಿಕೊಂಡಿರುವ ವ್ಯವಸ್ಥೆ ಬೇರೆ ಇದೆ. ವಿಶ್ವಸಂಸ್ಥೆಯ 2001ರ ಸಣ್ಣ ಆಯುಧಗಳ ಕ್ರಿಯಾ ಯೋಜನೆ, ಆಯುಧದ ಮೂಲ ಪತ್ತೆಗೆಂದೇ ರೂಪಿಸಿದ 2005ರ ಅಂತರರಾಷ್ಟ್ರೀಯ ದಸ್ತಾವೇಜು, ಬಂದೂಕುಗಳ ಅಕ್ರಮ ತಯಾರಿಕೆ, ಸಾಗಣೆ ತಡೆಯಲೆಂದಿರುವ, 2011ರಲ್ಲಿ ನಾವು ಸೇರಿದ ಬಂದೂಕು ಪ್ರೋಟೋಕಾಲ್. 2005ರ ದಸ್ತಾವೇಜು ಕಾನೂನಾಗಿ ಬಂಧಿಸುವುದಿಲ್ಲ ಎಂದು ಅದನ್ನು ಕೀಳಾಗಿ ನೋಡುವವರಿದ್ದಾರೆ. ಆದರೆ ತಯಾರಿಕೆಯ ದಾಖಲೆಯನ್ನು ಕನಿಷ್ಠ 30 ವರ್ಷ, ಆಮದು-ರಫ್ತಿನದ್ದನ್ನು 20 ವರ್ಷ ಇಟ್ಟುಕೊಳ್ಳಿ ಎನ್ನುವುದು ಅದೇ. ಬಂಧಿಸುವ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ ಕೇಳುವುದು 10 ವರ್ಷ ಮಾತ್ರ. 1980ರ ದಶಕದ ಎಕೆ ಇವತ್ತಿಗೂ ಗುಂಡು ಹಾರಿಸುತ್ತದೆ, ಹತ್ತು ವರ್ಷದ ಕಡತ ಇಟ್ಟುಕೊಂಡು ಯಾರನ್ನು ಪತ್ತೆ ಮಾಡುವುದು?

ಕೆಲಸ ಸಾಗಬೇಕಾದ್ದು ಠಾಣೆ ಮತ್ತು ಡಿಪೋ ಮಟ್ಟದಲ್ಲಿ. ವಶಪಡಿಸಿಕೊಂಡ ಬಂದೂಕಿನ ಮಹಜರಿನಲ್ಲಿ ಮಾದರಿ ಸಂಖ್ಯೆಯನ್ನೇ ಸರಣಿ ಸಂಖ್ಯೆ ಎಂದು ಬರೆದುಬಿಟ್ಟರೆ, ಕಾರ್ಖಾನೆಯ ಗುರುತನ್ನು ಬಿಟ್ಟುಬಿಟ್ಟರೆ ಪತ್ತೆಯ ಕೋರಿಕೆ ಅಲ್ಲಿಗೇ ಮುಗಿಯಿತು. ಎಕೆ ಮಾದರಿಯಲ್ಲಿ ದೇಶದ ಹೆಸರು ಇರುವುದೇ ಅಪರೂಪ. ತ್ರಿಕೋನದೊಳಗಿನ 66 ಚೀನಾದ ಕಾರ್ಖಾನೆ, ವೃತ್ತದೊಳಗಿನ 10 ಬಲ್ಗೇರಿಯಾದ್ದು ಎಂದು ಗುರುತಿನಿಂದಲೇ ತಿಳಿಯಬೇಕು. ಆದ್ದರಿಂದ ರಿಸೀವರಿನ, ಅಂದರೆ ಬಂದೂಕಿನ ಮುಖ್ಯ ಒಡಲಿನ, ಎಡಬಲ ಎರಡೂ ಬದಿಯ ಹತ್ತಿರದ ಫೋಟೋ ಕಡ್ಡಾಯವಾಗಬೇಕು.

ಅರ ಹಾಕಿ ಉಜ್ಜಿದ ಸಂಖ್ಯೆಯೂ ಪೂರ್ತಿ ಹೋಗುವುದಿಲ್ಲ. ಅಚ್ಚು ಹೊಡೆದು ಒತ್ತಿದಾಗ ಅಂಕೆಯ ಕೆಳಗಿನ ಉಕ್ಕೂ ಅದುಮಿರುತ್ತದೆ. ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸವರಿದರೆ ಅದುಮಿದ ಜಾಗ ಸುತ್ತಲಿನದಕ್ಕಿಂತ ಬೇರೆ ವೇಗದಲ್ಲಿ ಸವೆದು ಅಂಕೆ ತೇಲಿಬರುತ್ತದೆ. ತೆಳುವಾಗಿ ಲೇಸರ್‌ನಲ್ಲಿ ಕೊರೆದ ಗುರುತಿಗೆ ಈ ಭಾಗ್ಯವಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲಿನಲ್ಲಂತೂ ಸಂಖ್ಯೆ ಇರುವುದು ಒಂದು ಪುಟ್ಟ ಲೋಹದ ಪಟ್ಟಿಯ ಮೇಲೆ. ಅದನ್ನು ಕಿತ್ತರೆ ಚೌಕಟ್ಟಿನಲ್ಲಿ ಏನೂ ಉಳಿಯುವುದಿಲ್ಲ. 2005ರ ದಸ್ತಾವೇಜು ಬರೆದವರ ಮನಸ್ಸಿನಲ್ಲಿದ್ದದ್ದು ಉಕ್ಕಿನ ಬಂದೂಕು. ಪ್ಲಾಸ್ಟಿಕ್ ಚೌಕಟ್ಟು, 3ಡಿ ಮುದ್ರಣಗಳಿಗೆ ತಕ್ಕ ಗುರುತಿನ ಆಳ ಮತ್ತು ಜಾಗವನ್ನು ಅದರಲ್ಲಿ ಸೇರಿಸಲು ಭಾರತ ಮುಂದೆ ನಿಂತು ಒತ್ತಾಯಿಸಲಿ.

2019ರ ತಿದ್ದುಪಡಿಯಿಂದ ನಮ್ಮ ಆಯುಧ ಕಾಯ್ದೆಯಲ್ಲಿ ಕಳ್ಳಸಾಗಣೆಗೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ಶಿಕ್ಷೆಯ ಕೊರತೆ ಇಲ್ಲ, ಲೆಕ್ಕದ ಕೊರತೆ ಇದೆ. ತಿರಸ್ಕೃತ ರೈಫಲ್ಲಿನ ರಿಸೀವರ್, ಬ್ಯಾರೆಲ್, ಬೋಲ್ಟ್ ಮೂರನ್ನೂ ಸಾಕ್ಷಿಗಳ ಎದುರು ಕತ್ತರಿಸಿ, ಸಂಖ್ಯೆಸಮೇತ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಡಿಪೋದ ಹೊರಗಿನ ಲೆಕ್ಕಪರಿಶೋಧಕರು ತಾಳೆ ನೋಡುವಂತಾಗಬೇಕು. ಇದಕ್ಕೆ ಒಪ್ಪಂದದ ಕಚೇರಿ ಇರುವ ಜಿನೀವಾದ ಅನುಮತಿ ಬೇಕಿಲ್ಲ, ಸೇನಾ ಮುಖ್ಯ ಕಚೇರಿಯ ಒಂದು ಆದೇಶ ಸಾಕು.