ಕಾರಿನಲ್ಲಿ ಚೆಲ್ಲಿದ ಹಾಲು
ಕಾರಿನಲ್ಲಿ ಹಾಲು ಚೆಲ್ಲಿದರೆ ಒರೆಸಿದರಾಯ್ತು ಅನ್ನುವವರು ಬಿಸಿಲಿಗೆ ನಿಲ್ಲಿಸಿದ ಆ ಕಾರಿನ ಬಾಗಿಲನ್ನು ಒಮ್ಮೆ ತೆಗೆದು ನೋಡಬೇಕು! ಮೇಲೆ ಕಾರ್ಪೆಟ್ ಒಣಗಿರುತ್ತದೆ, ಅಡಿಯ ಫೋಮ್ ಹಾಲು ಕುಡಿದು ಕೂತಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಕೊಬ್ಬು, ಪ್ರೋಟೀನು ಎಲ್ಲ ತಿಂದು ಹುಳಿನಾತ ಬಿಡುತ್ತಲೇ ಇರುತ್ತವೆ. ಬಿಸಿಲೇರಿದಷ್ಟೂ ಜಾಸ್ತಿ. ಇದಕ್ಕೆ ಎಲ್ಲರ ಸಲಹೆ ಪರ್ಫ್ಯೂಮ್. ಹಾಕಿದರೆ ನಾತದ ಜೊತೆ ತಲೆನೋವೂ ಉಚಿತ. ಅಡುಗೆ ಸೋಡಾ ಉದುರಿಸಿದರೆ ಸ್ವಲ್ಪ ಕಮ್ಮಿಯಾಗುತ್ತದೆ, ನಿಜ. ಆದರೆ ಅದು ಫೋಮಿನೊಳಗೆ ಇಳಿಯಬೇಕಲ್ವಾ? ಕೆಲಸ ಮಾಡುವುದು ಎನ್ಜೈಮ್ ಕ್ಲೀನರ್, ಅಂದರೆ ಹಾಲಿನ ಕೊಬ್ಬು, ಪ್ರೋಟೀನನ್ನೇ ಒಡೆದುಹಾಕುವ ದ್ರಾವಣ. ಅದೂ ಹಾಲು ಇಳಿದಷ್ಟೇ ಆಳಕ್ಕೆ ನೆನೆಸಿ, ಗಂಟೆಗಟ್ಟಲೆ ಬಿಟ್ಟು, ಆಮೇಲೆ ಪೂರ್ತಿ ಒಣಗಿಸಿದರೆ. ಒಣಗದಿದ್ದರೆ ಮುಗ್ಗಲು ವಾಸನೆ ಶುರು. ಒಣಗಿಸೋಕೆ ಸೀಟು ಬಿಚ್ಚದೆ ಕಾರ್ಪೆಟ್ ಎತ್ತುವ ಹಾಗೆ ಮಾಡಿದ್ದರೆ ಕಾರು ಮಾಡುವವರ ಗಂಟೇನು ಹೋಗುತ್ತಿತ್ತು?