ಸೋಫಾ ನೋಡಿ, ದಯವಿಟ್ಟು ಕೂರಬೇಡಿ

ಮನೆಯ ಸೋಫಾ, ಕುರ್ಚಿಗಳು ಬಂದವರನ್ನು ‘ಬಾ, ಕೂತ್ಕೋ’ ಎಂದು ಕರೆಯುವಂತಿರಬೇಕು. ಅಲಂಕಾರ ಬಲ್ಲವರೆಲ್ಲ ಈಗ ಹೇಳುತ್ತಿರುವುದು ಇದನ್ನೇ. ಒಳ್ಳೆಯ ಮಾತು. ಅದಕ್ಕೆ ಅವರು ಹೇಳಿಕೊಡುವ ಮೊದಲ ಉಪಾಯ, ಕೂರುವ ಜಾಗದ ತುಂಬ ದಿಂಬು ಪೇರಿಸುವುದು.

ಇದಕ್ಕೂ ಶಾಸ್ತ್ರವಿದೆ. ಹಿಂದೆ ದೊಡ್ಡ ದಿಂಬು, ಅದರ ಮುಂದೆ ಮಧ್ಯಮ ಗಾತ್ರದ್ದು, ಎಲ್ಲಕ್ಕಿಂತ ಮುಂದೆ ಉದ್ದನೆಯ ಪುಟ್ಟ ದಿಂಬು. ಬಣ್ಣ ಹೊಂದಬೇಕು, ಆದರೆ ಒಂದೇ ಇರಬಾರದು. ಎಣಿಕೆ ಬೆಸವಾಗಿದ್ದರೆ ಚಂದ. ಕೊನೆಗೆ ಪ್ರತಿಯೊಂದರ ನೆತ್ತಿಗೂ ಅಂಗೈ ಅಂಚಿನಿಂದ ಒಂದು ಏಟು ಕೊಡಬೇಕು. ನಡುವೆ ತಗ್ಗು ಬಿದ್ದು ಎರಡು ಕಿವಿ ನೆಟ್ಟಗೆ ನಿಲ್ಲಬೇಕು. ಕರಾಟೆ ಏಟು ಎಂದೇ ಇದಕ್ಕೆ ಹೆಸರು, ನಾನು ಕಟ್ಟಿದ್ದಲ್ಲ. ಇಷ್ಟಾದ ಮೇಲೆ ಮೂರು ಜನರ ಸೋಫಾದಲ್ಲಿ ಮುಕ್ಕಾಲು ಮನುಷ್ಯ ಕೂರಬಹುದು. ಬಂದ ನೆಂಟ ತುದಿಯಲ್ಲಿ ಕೂತು, ಒಂದು ದಿಂಬನ್ನು ಯಾರದೋ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲಿ ಅದರ ಕಿವಿ ಮಡಚೀತೋ ಎಂದು ಉಸಿರು ಬಿಗಿಹಿಡಿದು ಮಾತಾಡುತ್ತಾನೆ.

ಆಮೇಲೆ ಹೊದಿಕೆ. ಅದು ಸೋಫಾದ ಒಂದು ಮೂಲೆಯಲ್ಲಿ ಸುಮ್ನೆ ಎಸೆದಂತೆ ಕಾಣಬೇಕು. ಹಾಗೆ ಎಸೆಯಲು ಅರ್ಧ ಗಂಟೆ ಬೇಕು. ಚಳಿಯಾದರೆ ಅದನ್ನು ಮುಟ್ಟುವಂತಿಲ್ಲ, ಒಳಗಿನಿಂದ ಬೇರೆ ತಂದು ಹೊದ್ದುಕೊಳ್ಳಬೇಕು.

ಇನ್ನು ಸೋಫಾದ ಅಳತೆ. ಸಾಮಾನ್ಯ ಎತ್ತರದ ಒಬ್ಬ ಮನುಷ್ಯ ಆರಾಮಾಗಿ ಕೂರಲು ಆಸನ ನೆಲದಿಂದ ಸುಮಾರು 43ರಿಂದ 45 ಸೆಂಟಿಮೀಟರ್ ಎತ್ತರ ಇದ್ದರೆ ಸಾಕು. ಆಳ 50ರಿಂದ 55. ಬೆನ್ನಿನ ಕಡೆ ಸ್ವಲ್ಪ ವಾಲಿಕೆ, ಅಂದರೆ ಆಸನಕ್ಕೂ ಬೆನ್ನಿಗೂ ನಡುವೆ 100ರಿಂದ 110 ಡಿಗ್ರಿ. ಟೇಪು ಹಿಡಿದ ಯಾವ ಬಡಗಿಗಾದರೂ ಇದು ಗೊತ್ತು. ಆದರೆ ಈ ಅಳತೆ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲವಂತೆ. ಆದ್ದರಿಂದ ಸೋಫಾ ತಗ್ಗಾಯಿತು, ಆಳವಾಯಿತು, ಬೆನ್ನು ಗಿಡ್ಡವಾಯಿತು. ಹಿಂದೆ ಸರಿದು ಕೂತರೆ ಕಾಲು ಗಾಳಿಯಲ್ಲಿ. ಕಾಲು ನೆಲಕ್ಕೆ ಊರಿದರೆ ಬೆನ್ನು ಗಾಳಿಯಲ್ಲಿ. ಕತ್ತಿನ ಮಾತಂತೂ ಬಿಡಿ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ಬೆನ್ನ ಹಿಂದಿನ ಈ ಖಾಲಿಯನ್ನು ತುಂಬಲು ಏನು ಮಾಡಬೇಕು? ದಿಂಬು ಇಡಬೇಕು. ನೋಡಿ, ಶಾಸ್ತ್ರದಲ್ಲಿ ಯಾವುದೂ ವ್ಯರ್ಥವಲ್ಲ.

ಕೊಳ್ಳುವಾಗ ನಾವು ಪರೀಕ್ಷೆ ಮಾಡುವುದಿಲ್ಲವೇ? ಮಾಡುತ್ತೇವೆ. ಅಂಗೈಯಿಂದ ಎರಡು ಸಲ ಒತ್ತುತ್ತೇವೆ. ‘ಆಹಾ, ಎಷ್ಟು ಮೆತ್ತಗಿದೆ’ ಎನ್ನುತ್ತೇವೆ. ಅಂಗೈಗೆ ಬೆನ್ನುಮೂಳೆ ಇಲ್ಲ, ಸೊಂಟ ನೋವೂ ಇಲ್ಲ, ಅದು ಯಾವ ಸೋಫಾವನ್ನಾದರೂ ಪಾಸು ಮಾಡುತ್ತದೆ. ಒಳಗಿನ ಫೋಮಿನ ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಸಾಂದ್ರತೆ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೊ ಎಂಬ ಲೆಕ್ಕ, ಫೋಮು ಎಷ್ಟು ಕಾಲ ಕುಸಿಯದೆ ಬಾಳುತ್ತದೆ ಎಂಬುದಕ್ಕೆ, ಎಷ್ಟು ಮೆತ್ತಗಿದೆ ಎಂಬುದಕ್ಕಲ್ಲ. ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿ ನೋಡಿ. ಮಾರುವವರು ತಕ್ಷಣ ಬಟ್ಟೆಯ ಬಣ್ಣದ ಕಡೆ ತಿರುಗುತ್ತಾರೆ. ಬಣ್ಣ ಹಾಲಿನ ಬಿಳುಪು. ಮಕ್ಕಳಿರುವ ಮನೆಗೆ ಅದೇ ಜಾಸ್ತಿ ಹೋಗುತ್ತದೆ.

ಹಾಗೆಂದು ಈಗಿನವರನ್ನಷ್ಟೇ ಬೈಯುವುದು ತಪ್ಪು. ಈ ಪರಂಪರೆ ದೊಡ್ಡದು. ಡಚ್ ವಿನ್ಯಾಸಕಾರ ರೀಟ್‌ವೆಲ್ಡ್ ಮಾಡಿದ ಕೆಂಪು ನೀಲಿ ಕುರ್ಚಿ ನೂರು ವರ್ಷ ದಾಟಿದೆ. ಎರಡು ಹಲಗೆ, ಒಂದಷ್ಟು ಪಟ್ಟಿ, ದಿಂಬಿನ ಸುಳಿವೂ ಇಲ್ಲ. ಈಗ ಮ್ಯೂಸಿಯಮ್‌ನಲ್ಲಿದೆ, ಅಲ್ಲಿ ಕೂರಲು ಬಿಡುವುದಿಲ್ಲ. ಬಿಡದಿರುವುದೇ ವಾಸಿ. ಇನ್ನು ಅಮೆರಿಕದ ದೊಡ್ಡ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ತಾನು ಮಾಡಿದ ಪೀಠೋಪಕರಣಗಳ ಸಹವಾಸದಿಂದಲೇ ತನ್ನ ಮೈ ಸುಮಾರು ಜೀವನಪೂರ್ತಿ ಎಲ್ಲಾದರೂ ಒಂದು ಕಡೆ ನೀಲಿಗಟ್ಟಿರುತ್ತಿತ್ತು ಎಂದು ಆತ ಹೇಳಿಕೊಂಡಿದ್ದ. ಮಾಡಿದವನೇ ಒಪ್ಪಿಕೊಂಡ ಮೇಲೂ ಜನ ಅವನ್ನು ಕೊಂಡಾಡಿದರು. 1956ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಮಾತ್ರ ಹಳೆಯ ಬೇಸ್‌ಬಾಲ್ ಗವಸಿನಂತೆ ಬೆಚ್ಚಗೆ ಒಳಗೆಳೆದುಕೊಳ್ಳುವ ಕುರ್ಚಿ ಬೇಕೆಂದು ಹೊರಟು, ಅಂಥದ್ದನ್ನು ಮಾಡಿಯೂ ಬಿಟ್ಟರು. ಅದರ ಗತಿ? ಈಗ ಫೋಟೊಗಳಲ್ಲಿ ಅದು ಕಿಟಕಿಯ ಪಕ್ಕ ಓರೆಯಾಗಿ ನಿಂತಿರುತ್ತದೆ, ಮೇಲೆ ಒಂದು ಪುಸ್ತಕ ಕವುಚಿ ಮಲಗಿರುತ್ತದೆ. ಪುಸ್ತಕಕ್ಕಾದರೂ ಆರಾಮ ಸಿಕ್ಕಿತಲ್ಲ.

ಇದಕ್ಕಿಂತ ಲಂಡನ್ನಿನ ಕ್ಯಾಮ್ಡನ್ ಪ್ರದೇಶದ ಬೆಂಚು ಪ್ರಾಮಾಣಿಕ. 2012ರಲ್ಲಿ ಬಂದ ಆ ಕಾಂಕ್ರೀಟಿನ ಬೆಂಚನ್ನು ಯಾರೂ ಮಲಗಬಾರದು ಎಂದೇ ಇಳಿಜಾರಾಗಿ ಮಾಡಿದ್ದಾರೆ. ಮನೆಯಿಲ್ಲದವರನ್ನು ಓಡಿಸಲು ಇಷ್ಟು ಬುದ್ಧಿ ಖರ್ಚು ಮಾಡಿದ್ದು ಕ್ರೂರ, ನಿಜ. ಆದರೆ ಅದು ತನ್ನ ಮೇಲೆ ಐದು ದಿಂಬು ಹೊತ್ತು ‘ಬಾ’ ಎಂದು ನಾಟಕ ಆಡುವುದಿಲ್ಲ. ಬೀದಿಯಲ್ಲಿ ಬಡವರಿಗೆಂದು ಕಟ್ಟಿದ ಆ ಬುದ್ಧಿಯನ್ನು ನಾವು ಮನೆಯೊಳಗೆ ನಮಗೆ ನಾವೇ ಕಟ್ಟಿಕೊಂಡಿದ್ದೇವೆ, ಅಷ್ಟೇ ವ್ಯತ್ಯಾಸ.

ಸೋಫಾದ ಮುಂದಿನ ಮೇಜೂ ಈ ಸಂಚಿನಲ್ಲಿದೆ. ಅದರ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಯಾರೂ ಹಚ್ಚದ ಮೇಣದಬತ್ತಿ, ಪಕ್ಕದಲ್ಲಿ ಯಾರೂ ಓದದ ದಪ್ಪ ಪುಸ್ತಕ. ಲೋಟ ಇಡಲು ಜಾಗವಿಲ್ಲ. ಲೋಟ ನೆಲದ ಮೇಲೆ. ಲೋಟ ನೆಲದಲ್ಲಿದ್ದ ಮೇಲೆ ಮನುಷ್ಯ ಮೇಲೆ ಯಾಕಿರಬೇಕು? ಅವನೂ ಇಳಿಯುತ್ತಾನೆ. ಅವನ ಹಿಂದೆ ಮನೆಯವರೆಲ್ಲ ಇಳಿಯುತ್ತಾರೆ. ಕಾಲು ಚಾಚಿ, ಸೋಫಾದ ಮುಂಭಾಗಕ್ಕೆ ಬೆನ್ನು ಒರಗಿಸಿ, ನೆಲದ ಮೇಲೆ ಹಾಯಾಗಿ ಕೂರುತ್ತಾರೆ. ಇಡೀ ಸೋಫಾದಲ್ಲಿ ಬೆನ್ನಿಗೆ ಸರಿಹೊಂದುವ ಎತ್ತರ ಇರುವುದು ಅಲ್ಲೊಂದೇ ಕಡೆ.

ಇಂಥ ಮನೆಗಳ ಫೋಟೊಗಳನ್ನು ಗಮನಿಸಿ. ಬೆಳಕಿದೆ, ಗಿಡವಿದೆ, ದಿಂಬಿದೆ, ಮನುಷ್ಯರಿಲ್ಲ. ಅವರೆಲ್ಲಿ ಹೋದರು? ಒಳಕೋಣೆಯಲ್ಲಿ ಒಂದು ಹಳೆಯ ಕುರ್ಚಿ ಇರುತ್ತದೆ. ಬಣ್ಣ ಮಾಸಿದ್ದು, ಕೈ ಸವೆದದ್ದು, ಬೇರೆ ಯಾವುದಕ್ಕೂ ಹೊಂದದ್ದು. ಅದರಲ್ಲಿ ಕೂರಲು ಮನೆಯಲ್ಲಿ ದಿನವೂ ಜಗಳ. ಫೋಟೊ ತೆಗೆಯುವ ದಿನ ಅದು ಯಾವ ಮೂಲೆಯಲ್ಲೂ ಕಾಣಬಾರದು ಎಂದು ಹಿತ್ತಲಿಗೆ ಎಳೆದುಕೊಂಡು ಹೋಗುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಯಾರಾದರೂ ನಿದ್ದೆ ಹೋಗಿರುತ್ತಾರೆ, ಅವರನ್ನೂ ಸೇರಿಸಿಯೇ.